ಪಚ್ಚೆ ಪೆನ್ನೂ ನಮ್ಮ ಷಡ್ಡಕರ ಅಕ್ಷರವೂ

ನಮ್ಮ ಷಡ್ಡಕರ ಮನೆಯಲ್ಲಿ ಬಾಯಾರಿದವರು ನೀರು ಕುಡಿಯುವ ಮೊದಲು ಲೋಟದೊಳಗೆ ಒಮ್ಮೆ ಬಗ್ಗಿ ನೋಡಬೇಕು. ನೀರು ನೀಲಿಯಾಗಿದ್ದರೆ ಅದು ಪೆನ್ನು ತೊಳೆದ ನೀರು. ತಿಳಿಹಸಿರಾಗಿದ್ದರೆ ಇನ್ನೊಂದು ಪೆನ್ನು ತೊಳೆದ ನೀರು. ಬಣ್ಣವೇ ಇಲ್ಲದಿದ್ದರೆ ತಳದಲ್ಲಿ ಒಂದು ನಿಬ್ಬು ಹಾಯಾಗಿ ಮಲಗಿರುತ್ತದೆ. ಒಮ್ಮೆ ನಾನು ನೋಡದೆ ಕುಡಿದು, ನೀಲಿ ಹಲ್ಲು ಹೊತ್ತುಕೊಂಡು ಕಚೇರಿಗೆ ಹೋಗಿದ್ದೆ. "ಬರೆಯೋರ ಬಾಯಲ್ಲಿ ಶಾಯಿ ಇರಬೇಕಾದ್ದೇ ಬಿಡಿ" ಎಂದರು ಒಬ್ಬ ಸಹೋದ್ಯೋಗಿ. ಅದನ್ನು ಹೊಗಳಿಕೆ ಎಂದೇ ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ನನ್ನ ಹಾಸ್ಯಬರಹಗಳಿಗೆ ಇದುವರೆಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಬಂದಿಲ್ಲ.

ಷಡ್ಡಕ ಎಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಒಂದೇ ಮಾವನ ಮನೆಯ ಜಗಲಿಯಲ್ಲಿ ಅಕ್ಕಪಕ್ಕ ಕೂತು, ಒಂದೇ ಅತ್ತೆಯ ಉಪದೇಶವನ್ನು ಒಟ್ಟಿಗೆ ಕೇಳಿಸಿಕೊಂಡವರ ನಡುವೆ ಬೆಳೆಯುವ ಸ್ನೇಹವಿದೆಯಲ್ಲ, ಅದು ಒಂದೇ ಜೈಲಿನಲ್ಲಿ ಇದ್ದುಬಂದವರ ಸ್ನೇಹದಂಥದು. ನಾನು ಅವರನ್ನು ಭಾವ ಎನ್ನುತ್ತೇನೆ. ಬೀದಿಯವರು ನಿಬ್ಬಣ್ಣ ಎನ್ನುತ್ತಾರೆ. ಅಂಗಡಿಯ ಬೋರ್ಡಿನ ಮೇಲೆ ಬೇರೇನೋ ಹೆಸರಿದೆ, ಅದು ಬ್ಯಾಂಕಿನವರಿಗೆ ಮಾತ್ರ ಗೊತ್ತು.

ಭಾವನದು ಕನ್ನಡಕದ ಅಂಗಡಿ. ರೈಲು ಡಬ್ಬಿಯಷ್ಟು ಉದ್ದ, ಅಷ್ಟೇ ಇಕ್ಕಟ್ಟು. ಎರಡೂ ಗೋಡೆಗೆ ಕನ್ನಡಿ, ಕನ್ನಡಿಯ ಮುಂದೆ ಸಾಲುಸಾಲು ಫ್ರೇಮು. ಒಳಗೆ ಕಾಲಿಟ್ಟ ಕೂಡಲೇ ನೂರಾರು ಕಣ್ಣಿಲ್ಲದ ಕನ್ನಡಕಗಳು 'ಇವನ್ಯಾಕೆ ಬಂದ' ಎಂಬಂತೆ ನೋಡುತ್ತವೆ. ಹಿಂಭಾಗದಲ್ಲಿ ಸಣ್ಣ ಮೇಜು, ಅಕ್ಕಿಕಾಳಿನಷ್ಟು ಸ್ಕ್ರೂಗಳ ಡಬ್ಬಿ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ, ಮತ್ತೆ ಗುಂಯ್ ಎನ್ನುತ್ತ ಕನ್ನಡಕ ತೊಳೆಯುವ ಒಂದು ಪುಟ್ಟ ಯಂತ್ರ. ಆ ಯಂತ್ರದಲ್ಲಿ ಭಾವ ನಿಬ್ಬನ್ನೂ ತೊಳೆಯುತ್ತಾರೆ. ಹಾಗಾಗಿ ಬೀದಿಯ ಎಷ್ಟೋ ಜನ ಬಿಳಿ ಗಾಜಿನ ಕನ್ನಡಕ ತೊಳೆಯಲು ಕೊಟ್ಟು, ಲೋಕವೇ ಒಂದಿಷ್ಟು ಮೋಡ ಕವಿದಂತಾಗಿದೆ ಎಂದುಕೊಂಡು ಮನೆಗೆ ಹೋಗಿದ್ದಾರೆ.

ಭಾವ ಕೂಡಿಹಾಕುವುದು ಚೀನಾದ ಶಾಯಿ ಪೆನ್ನುಗಳನ್ನು ಮಾತ್ರ. ಅವರ ಎದುರು 'ಚೈನಾ', 'ಮಾಲು' ಎಂಬ ಎರಡು ಪದಗಳನ್ನು ಒಟ್ಟಿಗೆ ಹೇಳಬಾರದು. ಬಿಡಿಬಿಡಿಯಾಗಿ ಹೇಳಿದರೆ ತೊಂದರೆಯಿಲ್ಲ. ಯಾರೋ ಗಿರಾಕಿ ಫ್ರೇಮು ತಿರುಗಿಸಿ ನೋಡುತ್ತ "ಇದು ಚೈನಾ ಮಾಲಲ್ಲ ತಾನೆ?" ಎಂದರೆ ಮುಗಿಯಿತು. ಭಾವ ಕನ್ನಡಕ ಕೆಳಗಿಟ್ಟು ಡ್ರಾಯರು ಎಳೆಯುತ್ತಾರೆ.

"ಇದನ್ನ ಹಿಡೀರಿ. ಭಾರ ಹೆಂಗಿದೆ? ಹಿತ್ತಾಳೆ ಮೇಲೆ ಅರಗಿನ ಬಣ್ಣ, ಪದರದ ಮೇಲೆ ಪದರ. ಮುಚ್ಚಳ ಹಾಕಿ. ಕೇಳಿಸ್ತಾ?"

"ಏನು?"

"ಟಿಕ್ ಅಂತು. ಕಾರಿನ ಬಾಗಿಲು ಹಾಕಿದ ಹಾಗೆ. ಒಳ್ಳೇ ಕಾರು."

ಆಮೇಲೆ ಪಾರದರ್ಶಕ ಪೆನ್ನು ಬರುತ್ತದೆ, ಅದರ ಹೊಟ್ಟೆಯಲ್ಲಿ ಶಾಯಿ ತೂಗಾಡುವುದನ್ನು ಬೆಳಕಿಗೆ ಹಿಡಿದು ತೋರಿಸುತ್ತಾರೆ. ಆಮೇಲೆ ಟೈಟೇನಿಯಂ ಪೆನ್ನು. ಕೊನೆಗೆ, ಚೀನೀ ಅಕ್ಷರದ ಗೆರೆಗಳಿಗಾಗಿಯೇ ಉದ್ದ ಕತ್ತಿಯ ಹಾಗೆ ಉಜ್ಜಿದ ನಿಬ್ಬು. ಅದರಲ್ಲಿ ನಮ್ಮ ದುಂಡಕ್ಷರ ಬರೆಯಹೋದರೆ 'ಉ' ಕೂಡ ಒಂದೇ ಕೆನ್ನೆ ಊದಿಸಿಕೊಂಡು ಹಲ್ಲುನೋವು ಬಂದವರ ಹಾಗೆ ಕೂರುತ್ತದೆ. ಇಷ್ಟೆಲ್ಲ ನೋಡಿದ ಗಿರಾಕಿ ಕನ್ನಡಕವನ್ನು ಅಲ್ಲೇ ಮರೆತು, ಪೆನ್ನಿನ ಗುಂಗಿನಲ್ಲಿ ಎದುರಿನ ಕಂಬಕ್ಕೆ ಡಿಕ್ಕಿ ಹೊಡೆಯುವುದೂ ಉಂಟು.

ಇದೆಲ್ಲ ಶುರುವಾದದ್ದು ಶಾಲೆಯ ದಿನಗಳಲ್ಲಿ, ಹೀರೋ ಎಂಬ ಒಂದು ಚೀನೀ ಪೆನ್ನಿನಿಂದ. ಆ ಚಿನ್ನದ ಬಣ್ಣದ ಮುಚ್ಚಳ, ಮುಸುಕು ಹಾಕಿಕೊಂಡು ಮೂಗಿನ ತುದಿ ಮಾತ್ರ ತೋರಿಸುವ ನಿಬ್ಬು. ಕೊಡವದೆ, ಬೆಂಚಿಗೆ ಬಡಿಯದೆ, ಬೆರಳಿಗೆ ಬಳಿಯದೆ ಬರೆಯುವ ಪೆನ್ನೊಂದು ಲೋಕದಲ್ಲಿದೆ ಎಂದು ಗೊತ್ತಾದ ದಿನವೇ ಭಾವ ಕೆಟ್ಟರು ಎನ್ನುತ್ತಾರೆ ಅವರ ಹೆಂಡತಿ, ನಮ್ಮ ಅತ್ತಿಗೆ.

ಇಷ್ಟು ಪೆನ್ನಿರುವ ಮನುಷ್ಯನ ಅಕ್ಷರ ಹೇಗಿರಬೇಕು ಹೇಳಿ. ಕೋಳಿ ಕೆದಕಿದಂತೆ ಎನ್ನೋಣವೆಂದರೆ ಕೋಳಿ ಕೆದಕುವುದರಲ್ಲಿ ಒಂದು ಉದ್ದೇಶವಾದರೂ ಇರುತ್ತದೆ. ಭಾವ ಬರೆದುಕಳಿಸಿದ ಚೀಟಿ ನೋಡಿ, ಗಾಜು ಅರೆಯುವ ಕಾರ್ಖಾನೆಯವನು ಫೋನು ಮಾಡುತ್ತಾನೆ: "ಸಾರ್, ಇದು ಪ್ಲಸ್ಸಾ, ಮೈನಸ್ಸಾ, ಇಲ್ಲಾ ನೊಣ ಕೂತಿತ್ತಾ?" ಕನ್ನಡಕ್ಕೂ ಕನ್ನಡಕಕ್ಕೂ ಒಂದೇ ಅಕ್ಷರದ ವ್ಯತ್ಯಾಸ. ಭಾವ ಬರೆದರೆ ಆ ವ್ಯತ್ಯಾಸವೂ ಇರುವುದಿಲ್ಲ, ಎರಡನ್ನೂ ಓದಲಾಗುವುದಿಲ್ಲ.

ಅದೇ ಬೀದಿಯ ತುದಿಯಲ್ಲಿ ಒಂದು ಹಳೇ ಸ್ಟೇಷನರಿ ಅಂಗಡಿ. ಅದರ ಮಾಲೀಕರನ್ನು ಎಲ್ಲರೂ ಯಜಮಾನ್ರು ಎನ್ನುತ್ತಿದ್ದರು. ರಬ್ಬರು, ಕಂಪಾಸು, ಗೋಂದಿನ ಬಾಟಲಿಗಳ ಹಿಂದೆ, ಗಾಜಿನ ಬೀರುವಿನ ಮೇಲಿನ ಅಂಕಣದಲ್ಲಿ ಒಂದು ಪೆನ್ನಿತ್ತು. ಪಚ್ಚೆ ಹಸಿರು ಮೈ, ಮುಸುಕಿನೊಳಗೆ ಚಿನ್ನದ ನಿಬ್ಬು, ಮೈಮೇಲೆ ಚೀನೀ ಅಕ್ಷರದ ಚೀಟಿ ಅಂಟಿಸಿದ್ದು ಅಂಟಿಸಿದ ಹಾಗೇ. ಒಂದು ತೊಟ್ಟು ಶಾಯಿ ಕಾಣದ ಪೆನ್ನು. ಎಷ್ಟೋ ಕಾಲದ ಹಿಂದೆ ಬಂದ ಸರಕಿನಲ್ಲಿ ಅದೊಂದನ್ನೇ ಯಜಮಾನರು ಮಾರದೆ ಉಳಿಸಿಕೊಂಡಿದ್ದರು. ಭಾವ ವಾರಕ್ಕೊಮ್ಮೆ ಹೋಗಿ ನಿಲ್ಲುತ್ತಿದ್ದರು. ಯಜಮಾನರು ಬೀರು ತೆಗೆದು, ಪೆನ್ನು ತೋರಿಸಿ, ಬೀರು ಹಾಕುತ್ತಿದ್ದರು. "ದರ್ಶನ ಆಯ್ತಲ್ಲ. ಹೋಗು ಇನ್ನು."

ಒಂದು ದಿನ ಬೆಳಿಗ್ಗೆ ಭಾವನ ಫೋನು ಬಂತು.

"ಯಜಮಾನ್ರು ಅಂಗಡಿ ಮುಚ್ತಾರಂತೆ. ಎದ್ದು ಬಾ."

"ಇನ್ನೂ ಸ್ನಾನ ಆಗಿಲ್ಲ ಭಾವ."

"ಆ ಪೆನ್ನಿಗೂ ಆಗಿಲ್ಲ. ಬಾ."

ಓಡಿದೆವು. ಓಡಿದೆವು ಎಂದರೆ ಭಾವ ಓಡಿದರು, ನಾನು ನನ್ನ ಹೊಟ್ಟೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಹಿಂದಿನಿಂದ ಹೋದೆ. ಅಂಗಡಿಯಲ್ಲಿ ಆಗಲೇ ಒಬ್ಬರು ನಿಂತಿದ್ದರು: ಸರ್ಟಿಫಿಕೇಟ್ ಮೇಡಮ್. ಸುತ್ತಲಿನ ಶಾಲೆಗಳ ಪ್ರಮಾಣಪತ್ರಗಳಲ್ಲಿ ಮಕ್ಕಳ ಹೆಸರು ಬರೆಯುವವರು. ಅವರು ಬರೆದುಕೊಟ್ಟ ಹೆಸರು ನೋಡಿದರೆ ಸಮಾಧಾನಕರ ಬಹುಮಾನ ಬಂದವನಿಗೂ ತಾನೇ ಗೆದ್ದಂತೆ ಅನ್ನಿಸುತ್ತದೆ.

"ಆ ಹಸಿರು ಪೆನ್ನು ನನಗಿರಲಿ ಯಜಮಾನ್ರೇ" ಎನ್ನುತ್ತಿದ್ದರು ಮೇಡಮ್ಮು.

ಭಾವ ಬಾಗಿಲಲ್ಲೇ ಕಲ್ಲಾದರು.

ಯಜಮಾನರು ಏದುಸಿರಿನ ಸದ್ದು ಕೇಳಿ ತಲೆಯೆತ್ತಿದರು. "ಯಾರು, ನಿಬ್ಬಣ್ಣನಾ? ಬಾ. ನೀನು ಬರೋದು ಗೊತ್ತಿತ್ತು. ನೋಡಿ, ನಾನು ಇದನ್ನ ದುಡ್ಡಿಗೆ ಕೊಡಲ್ಲ. ಇಷ್ಟು ವರ್ಷ ಮಾರದೇ ಇದ್ದಿದ್ದು, ಒಳ್ಳೇ ಕೈ ಸಿಗಲಿ ಅಂತ. ಇಬ್ಬರೂ ಒಂದೊಂದು ಪುಟ ಬರ್ಕೊಂಡು ಬನ್ನಿ. ಯಾರ ಅಕ್ಷರ ಚೆನ್ನಾಗಿದ್ಯೋ ಅವರದು ಪೆನ್ನು."

ಮೇಡಮ್ಮು ನಕ್ಕರು. ಪಾಪ, ಅದರಲ್ಲಿ ಕುಹಕವೇನೂ ಇರಲಿಲ್ಲ, ಆದರೂ ಭಾವನ ಮುಖ ಬೇಯಿಸಿದ ಬದನೆಕಾಯಿಯಾಯಿತು.

ಅಂದಿನಿಂದ ಭಾವನ ಮನೆ ಬಾಲವಾಡಿಯಾಯಿತು. ಅತ್ತಿಗೆ ಎರಡು ಗೆರೆಯ ಕಾಪಿ ಪುಸ್ತಕ ತಂದು ಮುಂದಿಟ್ಟರು. ಭಾವ ಬೆನ್ನು ಬಾಗಿಸಿ, ನಾಲಿಗೆಯ ತುದಿ ಹೊರಗಿಟ್ಟು 'ಅ' ತಿದ್ದಲು ಕೂತರು. ಅಕ್ಷರ ಕೆಟ್ಟಾಗ ಕಾಗದವನ್ನು ಬೈದರು. ಕಾಗದ ಬದಲಾಯಿತು. ಶಾಯಿಯನ್ನು ಬೈದರು. ಶಾಯಿ ಬದಲಾಯಿತು. ಮೇಜು ಅಲ್ಲಾಡುತ್ತದೆ ಎಂದರು. ನಾನು ಮೇಜು ಹಿಡಿದುಕೊಂಡೆ. ಒಂದೊಂದು ಸಾಲಿಗೆ ಒಂದೊಂದು ಪೆನ್ನು ಹೊರಬಂತು. ಅತ್ತಿಗೆ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದರು.

"ಮದುವೆಗೆ ಮುಂಚೆ ನನಗೊಂದು ಕಾಗದ ಬರೆದಿದ್ರಿ, ನೆನಪಿದ್ಯಾ?"

"ಯಾಕೆ ಈಗ ಅದು?"

"ಇವತ್ತಿಗೂ ಓದಕ್ಕಾಗಿಲ್ಲ. ಏನಿದೆ ಅಂತ ಗೊತ್ತಿಲ್ದೇನೇ ಒಪ್ಕೊಂಡ್ಬಿಟ್ಟೆ."

"ಒಳ್ಳೇದನ್ನೇ ಬರ್ದಿದ್ದೆ ಕಣೇ."

"ಈಗ ಓದಿ ಹೇಳಿ ನೋಡೋಣ."

"ನನಗೂ ಆಗಲ್ಲ" ಎಂದು ಭಾವ ಮತ್ತೆ 'ಅ'ದ ಮೇಲೆ ಬಗ್ಗಿದರು.

ಪುಟ ತುಂಬಿಸಲು ಏನು ಬರೆಯುವುದು ಎಂಬ ಪ್ರಶ್ನೆ ಬಂದಾಗ ನಾನು ಸಂಕೋಚವಿಲ್ಲದೆ ನನ್ನದೇ ಒಂದು ಲೇಖನ ಕೊಟ್ಟೆ. ಭಾವ ಅದನ್ನು ಬರೆದರು, ಹರಿದರು, ಮತ್ತೆ ಬರೆದರು. ನನ್ನ ಬರಹವೊಂದನ್ನು ಒಬ್ಬರು ಎರಡನೆಯ ಸಲ ಓದಿದ್ದು ಅದೇ ಮೊದಲು, ಅದೂ ಬೈದುಕೊಂಡು. "ನಿನ್ನ ವಾಕ್ಯದಲ್ಲಿ ಇಷ್ಟೊಂದು ಒತ್ತಕ್ಷರ ಯಾಕಯ್ಯಾ? ಸರಳವಾಗಿ ಬರಿಯೋಕೆ ಏನು ರೋಗ?" ವಿಮರ್ಶಕರೂ ಹೀಗೇ ಹೇಳಿದ್ದಾರೆ, ಇರಲಿ.

ಕೊನೆಗೆ ಒಂದು ಪುಟ ತಯಾರಾಯಿತು. ಮೊದಲಿಗಿಂತ ಎಷ್ಟೋ ವಾಸಿ. ಎಂದರೆ, ಅದು ಅಕ್ಷರ ಎಂದು ಈಗ ಗೊತ್ತಾಗುತ್ತಿತ್ತು. ಯಾವ ಅಕ್ಷರ ಎಂಬುದು ಮಾತ್ರ ಓದುವವರ ಪುಣ್ಯ.

ಯಜಮಾನರ ಅಂಗಡಿಗೆ ಹೋದೆವು. ಅರ್ಧ ಸರಕು ಆಗಲೇ ಪೆಟ್ಟಿಗೆ ಸೇರಿತ್ತು. ಮೇಡಮ್ಮಿನ ಪುಟ ಇನ್ನೂ ಬಂದಿರಲಿಲ್ಲ. ಭಾವ ಪರೀಕ್ಷೆಗೆ ಬಂದ ಹುಡುಗನ ಹಾಗೆ ಪುಟವನ್ನು ಎರಡು ಕೈಯಲ್ಲಿ ಕೊಟ್ಟರು. ಯಜಮಾನರು ದಪ್ಪ ಗಾಜಿನ ಕನ್ನಡಕ ಏರಿಸಿಕೊಂಡು, ಪುಟವನ್ನು ಮೂಗಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದು ನೋಡಿದರು.

"ಭೇಷ್" ಎಂದರು ಯಜಮಾನರು. "ಮುತ್ತು ಪೋಣಿಸಿದ ಹಾಗಿದೆ ಕಣಯ್ಯಾ. ನಿನ್ನ ಕೈಯಲ್ಲಿ ಇಷ್ಟು ಒಳ್ಳೇ ಅಕ್ಷರ ಇದೆ ಅಂತ ಗೊತ್ತಿರಲಿಲ್ಲ. ಮೇಡಮ್ಮಿನ ಪುಟ ಒಂದು ಬರಲಿ, ಆಮೇಲೆ ತೀರ್ಮಾನ."

ನನಗೆ ಕುಣಿಯುವಂತಾಯಿತು. ಭಾವನ ಬೆನ್ನು ತಟ್ಟಲು ಕೈಯೆತ್ತಿದೆ. ಆದರೆ ಭಾವ ನಗುತ್ತಿರಲಿಲ್ಲ. ಅವರು ಯಜಮಾನರ ಕೈಯನ್ನೇ ನೋಡುತ್ತಿದ್ದರು. ಪುಟ ತಲೆಕೆಳಗಾಗಿತ್ತು.

ಹೊರಗೆ ಬಂದ ಮೇಲೆ ನಾನು ಹೇಳಿದೆ: "ಗೆದ್ರಿ ಭಾವ. ಮನೇಗೆ ಹೋಗಿ ಸಿಹಿ ಮಾಡ್ಸೋಣ."

"ಅವರಿಗೆ ಕಣ್ಣೇ ಕಾಣಲ್ವಲ್ಲೋ."

"ಈಗ ತಾನೆ ಮುತ್ತು ಅಂದ್ರಲ್ಲ."

"ಅದಕ್ಕೇ ಹೇಳ್ತಿರೋದು. ನನ್ನ ಅಕ್ಷರ ನೋಡಿ ಮುತ್ತು ಅನ್ನೋರಿಗೆ ತಕ್ಷಣ ಕನ್ನಡಕ ಬೇಕು. ಆ ಗಾಜು ನಮ್ಮಪ್ಪನ ಕಾಲದ್ದು. ನಂಬರು ಎಲ್ಲಿಗೋ ಓಡಿಹೋಗಿದೆ. ನಾನು ಪ್ರತಿ ವಾರ ಹೋಗ್ತಿದ್ದೆ, ಬರೀ ಪೆನ್ನು ನೋಡಿದೆ, ಅವರ ಕಣ್ಣು ನೋಡ್ಲಿಲ್ಲ."

ನಾನು ಬಹಳ ವಿವೇಕದ ಮಾತಾಡಿದೆ. ಮೊದಲು ಪೆನ್ನು ತರೋಣ, ಕನ್ನಡಕ ಆಮೇಲೆ ಮಾಡಿಕೊಡೋಣ, ಹಿಂದೆಮುಂದೆ ಆದರೆ ಯಾರಿಗೂ ನಷ್ಟವಿಲ್ಲ, ಯಜಮಾನರು ಇಷ್ಟು ವರ್ಷ ಕಾದಿದ್ದಾರೆ, ಇನ್ನೊಂದು ವಾರ ಕಾಯಲಿ ಎಂದೆ. ಭಾವ ಕೇಳಿಸಿಕೊಂಡರು. ನಾಲ್ಕು ಹೆಜ್ಜೆ ನನ್ನ ಜೊತೆ ಬಂದರು. ಆಮೇಲೆ ನಿಂತರು. ಹಸಿದವರನ್ನು ಕಂಡರೆ ಅಡುಗೆಯವನ ಕೈ ಹೇಗೆ ಸೌಟಿಗೆ ಹೋಗುತ್ತದೋ ಹಾಗೆ ಅವರ ಕೈ ಜೇಬಿನಲ್ಲಿದ್ದ ಪುಟ್ಟ ಸ್ಕ್ರೂಡ್ರೈವರಿಗೆ ಹೋಗಿತ್ತು.

"ಆಗಲ್ಲ ಮಾರಾಯ" ಎಂದರು. "ಕೈ ಕಡೀತಿದೆ."

"ಕಣ್ಣು ಸರಿಹೋದ್ರೆ ಪೆನ್ನು ಹೋಯ್ತು ಅಂತಲೇ ಲೆಕ್ಕ. ಮೇಡಮ್ಮಿನ ಪುಟ ಬರತ್ತೆ."

"ಗೊತ್ತು" ಎಂದರು ಭಾವ, ಆಗಲೇ ವಾಪಸ್ಸು ಹೊರಟಿದ್ದರು.

ಯಜಮಾನರು ಸುಲಭಕ್ಕೆ ಒಪ್ಪಲಿಲ್ಲ. "ನನ್ನ ಕಣ್ಣಿಗೇನಾಗಿದೆ? ಕನ್ನಡಕ ಇದೆಯಲ್ಲ."

"ಅದು ಕನ್ನಡಕ ಅಲ್ಲ ಯಜಮಾನ್ರೇ, ಕಿಟಕಿ. ಅದೂ ಮುಚ್ಚಿದ ಕಿಟಕಿ. ಬನ್ನಿ ಸುಮ್ನೆ."

ಭಾವ ಅವರನ್ನು ಕೈಹಿಡಿದು ತಮ್ಮ ಅಂಗಡಿಗೆ ಕರೆತಂದು ಕುರ್ಚಿಯಲ್ಲಿ ಕೂರಿಸಿ, ನಂಬರು ನೋಡುವ ಆ ಭಾರದ ಫ್ರೇಮನ್ನು ಅವರ ಮೂಗಿನ ಮೇಲಿಟ್ಟರು. ಗಾಜು ಒಂದೊಂದಾಗಿ ಹಾಕುತ್ತ, ತೆಗೆಯುತ್ತ, ತಿರುಗಿಸುತ್ತ, "ಈಗ ಚೆನ್ನಾಗಿದ್ಯಾ, ಮೊದಲು ಚೆನ್ನಾಗಿತ್ತಾ? ಇದಾ, ಅದಾ?" ಎಂದು ಕೇಳುತ್ತಿದ್ದರು. ಅತ್ತಿಗೆ ಸೀರೆ ಆರಿಸುವಾಗ ಇದೇ ಪ್ರಶ್ನೆ ಕೇಳಿದರೆ ಭಾವ ಎರಡೇ ನಿಮಿಷಕ್ಕೆ ಸೋತು ಹೊರಗೆ ಹೋಗುತ್ತಾರೆ. ಇಲ್ಲಿ ಅವರಿಗೆ ದಣಿವೇ ಇರಲಿಲ್ಲ. ಒಂದು ಗಾಜು ಫ್ರೇಮಿಗೆ ಬಿದ್ದ ಕೂಡಲೇ ಯಜಮಾನರು ಕುರ್ಚಿಯಲ್ಲಿ ನೆಟ್ಟಗಾದರು. ಗೋಡೆಯ ಫಲಕದ ಕೊನೆಯ ಸಾಲಿನವರೆಗೂ ಓದಿದರು. ಆಮೇಲೆ ನನ್ನ ಕಡೆ ತಿರುಗಿ, "ಓ, ನಿಮಗೆ ಇಷ್ಟು ವಯಸ್ಸಾಗಿದ್ಯಾ? ನಾನು ಹುಡುಗ ಅನ್ಕೊಂಡಿದ್ದೆ" ಎಂದರು. ಕಣ್ಣು ಸರಿಹೋಗುವುದರಿಂದ ಎಲ್ಲರಿಗೂ ಲಾಭವಿಲ್ಲ.

ಗಾಜು ಅರೆದು ಬರುವವರೆಗೆ ಭಾವ ಊಟ ಸರಿಯಾಗಿ ಮಾಡಲಿಲ್ಲ. ಈ ಸಲ ನಂಬರಿನ ಚೀಟಿಯನ್ನು ಅತ್ತಿಗೆಯ ಕೈಯಲ್ಲಿ ಬರೆಸಿದರು. ಪೆನ್ನು ಹೋಗುವುದೇ ಆದರೆ ಸರಿಯಾದ ನಂಬರಿಗೇ ಹೋಗಲಿ ಎಂದಿರಬೇಕು.

ತೀರ್ಮಾನದ ದಿನ ಸ್ಟೇಷನರಿ ಅಂಗಡಿಯ ಕಪಾಟುಗಳೆಲ್ಲ ಬರಿದಾಗಿದ್ದವು. ಮೇಜಿನ ಮೇಲೆ ಪಚ್ಚೆ ಪೆನ್ನು, ಅದರ ಎರಡು ಪಕ್ಕದಲ್ಲಿ ಎರಡು ಪುಟ. ಮೇಡಮ್ಮು ಒಂದು ಕಡೆ, ನಾವಿಬ್ಬರು ಇನ್ನೊಂದು ಕಡೆ. ಭಾವ ತಾವೇ ಹೊಸ ಕನ್ನಡಕವನ್ನು ಯಜಮಾನರ ಕಿವಿಗೆ ಕೂರಿಸಿ, ಕಡ್ಡಿ ಸ್ವಲ್ಪ ಬಗ್ಗಿಸಿ, ಮೂಗಿನ ಮೇಲೆ ಸರಿಮಾಡಿ, ಹಿಂದೆ ಸರಿದು ನಿಂತರು. ನೇಣುಗಂಬದ ಹಗ್ಗ ತಾನೇ ಹೊಸೆದುಕೊಟ್ಟವನ ಮುಖ ಹಾಗಿರುತ್ತದೋ ಏನೋ.

ಯಜಮಾನರು ಮೊದಲು ಭಾವನ ಪುಟ ಎತ್ತಿಕೊಂಡರು. ನೋಡಿದರು. ತಿರುಗಿಸಿದರು. ಮತ್ತೆ ತಿರುಗಿಸಿದರು.

"ಇದೇನಯ್ಯಾ, ಪೆನ್ನಿನ ಜೊತೆ ಅವರ ಭಾಷೇನೂ ಕಲ್ತಿದ್ದೀಯಾ?"

"ಇಲ್ಲ ಯಜಮಾನ್ರೇ. ಅದು ನಮ್ಮದೇ."

"ಇದನ್ನಾ ನಾನು ಮುತ್ತು ಅಂದಿದ್ದು?"

"ಹೂಂ."

ಯಜಮಾನರು ನಗತೊಡಗಿದರು. ಶುರುವಾದ ನಗು ನಿಲ್ಲಲಿಲ್ಲ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಮತ್ತೆ ಹಾಕಿಕೊಂಡು, ಮತ್ತೆ ಪುಟ ನೋಡಿ, ಮತ್ತೆ ನಕ್ಕರು. ಮೇಡಮ್ಮು ಸೆರಗು ಬಾಯಿಗೆ ಒತ್ತಿಕೊಂಡರು. ಹಾಸ್ಯಲೇಖಕನಾದ ನನಗೆ ಹೊಟ್ಟೆಕಿಚ್ಚಾಯಿತು. ನನ್ನ ಅದೇ ಲೇಖನ ಅಚ್ಚಾಗಿ ಬಂದಾಗ ಯಾರೂ ಹೀಗೆ ನಕ್ಕಿರಲಿಲ್ಲ.

ಆಮೇಲೆ ಮೇಡಮ್ಮಿನ ಪುಟ. ಅದನ್ನು ಯಜಮಾನರು ಬಹಳ ಹೊತ್ತು ಹಿಡಿದಿದ್ದರು. "ಅಕ್ಷರ ಅಂದ್ರೆ ಇದು" ಎಂದರು ಮೆಲ್ಲಗೆ. ಭಾವ ತಲೆಯಾಡಿಸಿದರು, ಒಪ್ಪದೆ ಬೇರೆ ದಾರಿಯಿರಲಿಲ್ಲ. ಮೇಡಮ್ಮು ಕೈ ಮುಂದೆ ಚಾಚಿದರು.

ಯಜಮಾನರು ಪೆನ್ನು ಎತ್ತಿಕೊಂಡರು. ಕೊಡುವ ಮೊದಲು ಒಮ್ಮೆ ನೋಡಿದರು. ನೋಡಿದವರು ನೋಡುತ್ತಲೇ ಇದ್ದರು. ಮುಚ್ಚಳದ ಮೇಲಿನ ಕೂದಲೆಳೆಯಂಥ ಗೆರೆಗಳನ್ನು ಬೆರಳಿಂದ ಸವರಿದರು. ಮುಚ್ಚಳ ಎಳೆದು ನಿಬ್ಬಿನ ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಇದರ ತುದೀಲಿ ಒಂದು ಚುಕ್ಕಿ ಇದೆ" ಎಂದರು.

"ಇರಿಡಿಯಂ, ನಿಬ್ಬು ಸವೀದ ಹಾಗೆ ಕಾಯೋ ಲೋಹ" ಎಂದರು ಭಾವ.

"ಮೊದಲೂ ಇತ್ತಾ?"

"ಯಾವಾಗ್ಲೂ ಇತ್ತು."

ಯಜಮಾನರು ಮುಚ್ಚಳ ಹಾಕಲಿಲ್ಲ. ಮೇಜಿನ ಮೇಲಿದ್ದ ಬಿಳಿ ಹಾಳೆಯೊಂದನ್ನು ಹತ್ತಿರಕ್ಕೆ ಎಳೆದುಕೊಂಡರು. "ನಾನು ಬರಿಯೋದು ಬಿಟ್ಟು ಎಷ್ಟೋ ಕಾಲ ಆಯ್ತು. ಗೆರೆ ಮೇಲೆ ಗೆರೆ ಬೀಳ್ತಿತ್ತು. ಕೈ ಹೋಯ್ತು ಅನ್ಕೊಂಡಿದ್ದೆ. ಕೈ ಅಲ್ಲ, ಕಣ್ಣು." ತಲೆಯೆತ್ತಿ ಇಬ್ಬರನ್ನೂ ನೋಡಿದರು. "ಮೇಡಮ್, ತಪ್ಪು ತಿಳೀಬೇಡಿ. ನಿಬ್ಬಣ್ಣ, ನೀನೂ ಬೈಕೋಬೇಡ. ಇದನ್ನ ನಾನೇ ಇಟ್ಕೋತೀನಿ. ನಾನೇ ಬರೀತೀನಿ."

ಮೇಡಮ್ಮು ಚಾಚಿದ ಕೈಯನ್ನು ಸೆರಗಿಗೆ ಒರೆಸಿಕೊಂಡರು. ನಾನು ಭಾವನ ಮುಖ ನೋಡಲು ಹೆದರಿ ಖಾಲಿ ಕಪಾಟು ನೋಡಿದೆ. ಅಷ್ಟರಲ್ಲಿ ಭಾವನ ಚೀತ್ಕಾರ ಕೇಳಿತು.

"ಅದನ್ನ ಹಾಕ್ಬೇಡಿ."

ಯಜಮಾನರ ಕೈ ಮೇಜಿನ ಮೂಲೆಯಲ್ಲಿದ್ದ ಸ್ಟಾಂಪ್ ಪ್ಯಾಡಿನ ಶಾಯಿಯ ಬಾಟಲಿಗೆ ಹೋಗಿತ್ತು.

"ಸ್ಟಾಂಪಿನ ಶಾಯಿ ಹಾಕಿದ್ರೆ ಅದರ ಗಂಟಲು ಕಟ್ಟಿ ಸಾಯತ್ತೆ. ಮುಟ್ಬೇಡಿ. ಬಂದೆ."

ಭಾವ ಬೀದಿಯಲ್ಲಿ ಓಡಿದರು. ಕನ್ನಡಕದ ಅಂಗಡಿಯೊಳಗೆ ನುಗ್ಗಿ, ಕಾದಿದ್ದ ಗಿರಾಕಿಯನ್ನು ಕಣ್ಣೆತ್ತಿಯೂ ನೋಡದೆ, ತಮ್ಮಲ್ಲಿದ್ದ ಅತಿ ಒಳ್ಳೆಯ ನೀಲಿ ಶಾಯಿಯ ಬಾಟಲಿ ಎದೆಗವಚಿಕೊಂಡು ಓಡಿ ಬಂದರು. ಏದುಸಿರು ಬಿಡುತ್ತ, "ಮೊದಲನೇ ಸಲ ತುಂಬೋ ಕೆಲಸ ನನಗೆ ಬಿಡಿ. ಅಷ್ಟು ಕೊಡಿ ಸಾಕು" ಎಂದರು.

ಯಜಮಾನರು ಪೆನ್ನು ಕೊಟ್ಟರು. ಭಾವ ಆ ಚೀನೀ ಚೀಟಿ ಹರಿಯದಂತೆ ಮೈ ತಿರುಚಿ ಬಿಚ್ಚಿದರು. ಮುಸುಕಿನ ತುದಿಯನ್ನು ಶಾಯಿಯಲ್ಲಿ ಇಳಿಸಿದರು. ಹೊಟ್ಟೆಯ ರಬ್ಬರನ್ನು ಒತ್ತಿ ಬಿಟ್ಟರು. ಬುಳುಕ್ ಎಂದು ಗುಳ್ಳೆ ಬಂತು. ಇನ್ನೊಮ್ಮೆ ಒತ್ತಿದರು. ನಾಲ್ಕೂ ತಲೆ ಬಾಟಲಿಯ ಮೇಲೆ ಒಂದಕ್ಕೊಂದು ತಾಗುತ್ತಿದ್ದವು. "ಕುಡೀತು" ಎಂದು ಪಿಸುಗುಟ್ಟಿದರು ಮೇಡಮ್ಮು. ಅವರಿಗೆ ಬೇಸರವೆಲ್ಲ ಮರೆತುಹೋಗಿತ್ತು.

ಯಜಮಾನರು ಬರೆದರು. ಮೊದಲ ಗೆರೆ ಬರಲಿಲ್ಲ. ಭಾವ ಅವರ ಕೈಯನ್ನು ಮುಟ್ಟಿ ಪೆನ್ನನ್ನು ಒಂದು ಎಳ್ಳಿನಷ್ಟು ತಿರುಗಿಸಿದರು. ಮುಸುಕಿನ ಪೆನ್ನಲ್ಲಿ ನಿಬ್ಬಿನ ಮುಖ ಯಾವ ಕಡೆಗಿದೆ ಎಂದು ಗೊತ್ತಾಗುವುದಿಲ್ಲ, ಹಿಡಿಯುವಾಗ ಎಲ್ಲರೂ ತಪ್ಪುತ್ತಾರೆ. ಎರಡನೆಯ ಗೆರೆ ಬಂತು. ತೆಳ್ಳಗೆ, ಹಸಿಹಸಿಯಾಗಿ, ಹೊಳೆಯುತ್ತ ಬಂತು. ಯಜಮಾನರು ತಮ್ಮ ಹೆಸರು ಬರೆದರು. ಅಂಗಡಿಯ ಹೆಸರು ಬರೆದರು. ನಮ್ಮನ್ನೆಲ್ಲ ಮರೆತು ರಬ್ಬರು, ಕಂಪಾಸು, ಗೋಂದು ಎಂದು ಬರೆಯುತ್ತ ಹೋದರು. ಅಕ್ಷರ ಅಷ್ಟೇನೂ ಚೆನ್ನಾಗಿರಲಿಲ್ಲ, ಸ್ವಲ್ಪ ನಡುಗುತ್ತಿತ್ತು, ಆದರೆ ಗೆರೆಯ ಮೇಲೆ ಗೆರೆ ಬೀಳಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಭಾವನನ್ನು ಹೇಗೆ ಸಂತೈಸುವುದೆಂದು ನಾನು ಎರಡು ಮೂರು ವಾಕ್ಯ ಕಟ್ಟಿಕೊಂಡಿದ್ದೆ. ಬಾಯಿ ಹಾಕಲು ಜಾಗವೇ ಸಿಗಲಿಲ್ಲ.

"ಕೇಳಿಸ್ತಾ ನಿಂಗೆ? ಕಾಗದದ ಮೇಲೆ ಸದ್ದೇ ಇಲ್ಲ. ಇಷ್ಟು ವರ್ಷ ಒಣಗಿ ಕೂತಿದ್ದು, ಒಂದೇ ಸಲಕ್ಕೆ ಎಳ್ಕೊಂತು. ನಾನು ಬೀರುವಿನಲ್ಲಿ ನೋಡ್ತಿದ್ದಾಗ ಇದು ತುಸು ಗಟ್ಟಿ ಬರಿಯತ್ತೆ ಅನ್ಕೊಂಡಿದ್ದೆ. ಅಲ್ಲ. ಮೆತ್ತಗಿದೆ, ಬಲು ಮೆತ್ತಗೆ. ಗೆರೆ ಕೊನೇಲಿ ಒಂಚೂರು ಬಾಗತ್ತೆ, ನೋಡಿದ್ಯಾ? ನೋಡ್ಲಿಲ್ವಾ? ನೀನು ನೋಡೋದೇನು, ನಿನ್ನ ನಂಬರೂ ಬದಲಾಗಿರತ್ತೆ. ನಾಳೆ ಬಾ ಅಂಗಡಿಗೆ."

ಅತ್ತಿಗೆ ಬಾಗಿಲಲ್ಲೇ ಕಾಯುತ್ತಿದ್ದರು. ಗಂಡನ ಮುಖ ಅರಳಿದ್ದು ಕಂಡು, ಎರಡೂ ಕೈ ಖಾಲಿಯಿದ್ದದ್ದೂ ಕಂಡು, ಯಾವುದನ್ನು ನಂಬುವುದೋ ತಿಳಿಯದೆ ಕೇಳಿದರು:

"ಎಲ್ರೀ ಪೆನ್ನು?"

"ಬರೀತಾ ಇದೆ ಕಣೇ" ಎಂದರು ಭಾವ.